ಸಾಗಡೆಯ ಕೆಂಪು

ಮಾಘ ಮಾಸದ ಕೊನೆ. ಬೆಟ್ಟದ ಮರಗಳೆಲ್ಲ ಎಲೆ ಕಳಚಿ ನಿಂತಿವೆ. ಬೆಳಗಿನ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತವರಿಗೆ ಕಥೆಯೊಂದನ್ನು ಹೇಳಲು ಇದು ತಕ್ಕ ಕಾಲ. ಇನ್ನು ಕೆಲವೇ ದಿನಗಳಲ್ಲಿ ಮೇಲಿನ ಕಣಿವೆಯ ಸಾಗಡೆ ಮರ ಬಣ್ಣ ತಿರುಗುತ್ತದೆ. ಆಮೇಲೆ ಕಥೆ ಹೇಳುವುದಕ್ಕಾಗಲಿ ಕೇಳುವುದಕ್ಕಾಗಲಿ ಇಲ್ಲಿ ಯಾರಿಗೂ ಬಿಡುವಿರದು.

ಕಥೆಯೂ ಆ ಮರದ್ದೇ.

ಬಹು ಹಿಂದೆ, ಬಯಲುಸೀಮೆಯ ಒಂದು ಪಾಠಶಾಲೆಯಲ್ಲಿ ಕೇಶವಾವಧಾನಿಗಳೆಂಬ ಗುರುಗಳಿದ್ದರು. ಕಾವ್ಯಪಾಠದಲ್ಲಿ ಅವರಿಗೆ ಎಣೆಯಿರಲಿಲ್ಲ. ಒಂದು ಫಾಲ್ಗುಣದ ಮಧ್ಯಾಹ್ನ ವಸಂತವರ್ಣನೆಯನ್ನು ಹೇಳುತ್ತಿದ್ದವರು ಶ್ಲೋಕದ ಅರ್ಧದಲ್ಲಿ ನಿಂತು ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ಬೇರೇನೂ ಇರಲಿಲ್ಲ.

“ಒಂದು ಮರ ನೋಡಿಕೊಂಡು ಬರುತ್ತೇನೆ” ಎಂದು ಎದ್ದರು.

ಎದ್ದವರು ಮರಳಲಿಲ್ಲ. ದೂರದ ಬೆಟ್ಟವೊಂದರ ಬುಡದಲ್ಲಿ, ಹೊಳೆಯ ದಂಡೆಯ ಮೇಲೆ ಕುಟೀರ ಕಟ್ಟಿಕೊಂಡು ಉಳಿದರೆಂದು ವರ್ಷವಾದ ಮೇಲೆ ಸುದ್ದಿ ಬಂತು. ಗುರುಗಳ ಮಾತು ಪಾಠಶಾಲೆಯಲ್ಲಿ ನಗೆಯ ಮಾತಾಯಿತು. ಪಾಠ ತಪ್ಪಿಸುವ ಹುಡುಗರೆಲ್ಲ “ಒಂದು ಮರ ನೋಡಿಕೊಂಡು ಬರುತ್ತೇನೆ” ಎಂದು ಹೇಳಿಯೇ ಹೊರಬೀಳುತ್ತಿದ್ದರು.

ಆ ಮಧ್ಯಾಹ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದವನು ಉಮಾಪತಿ. ಗುರುಗಳು ಬಾಗಿಲು ದಾಟಿದೊಡನೆ, ಉಳಿದ ಅರ್ಧ ಶ್ಲೋಕವನ್ನು ಅವನೇ ಗಟ್ಟಿಯಾಗಿ ಹೇಳಿ ಮುಗಿಸಿದ್ದ. ಮುಂದೆ ಗುರುಗಳ ಪೀಠದಲ್ಲಿ ಅವನೇ ಕುಳಿತ. ಅದೇ ವಸಂತವನ್ನು ನಲವತ್ತು ವರ್ಷ ಪಾಠ ಹೇಳಿದ. ತಾನು ಹೆಸರಿಸಿದ ಮರಗಳಲ್ಲಿ ಮಾವನ್ನೂ ಬೇವನ್ನೂ ಬಿಟ್ಟು ಮತ್ತಾವುದನ್ನೂ ಕಂಡಿರಲಿಲ್ಲ.

ನಿವೃತ್ತನಾದ ವರ್ಷವೇ ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಕುಳಿತರೆ ಗೋಡೆ, ನಿಂತರೆ ಬಾಗಿಲು. ಒಂದು ವರ್ಷದ ಮಟ್ಟಿಗೆಂದು ಬಟ್ಟೆ ಕಟ್ಟಿಕೊಂಡು, ಗುರುಗಳನ್ನು ಹುಡುಕುತ್ತ ಬೆಟ್ಟಕ್ಕೆ ಬಂದ.

ಅವನು ಬಂದದ್ದು ಜ್ಯೇಷ್ಠದಲ್ಲಿ, ಮೊದಲ ಮಳೆಯ ಮರುದಿನ. ಕುಟೀರದ ಮುಂದೆ ಗುರುಗಳು ಕೋಲೂರಿ ನಿಂತಿದ್ದರು. ಅವನು ನೆಲಕ್ಕೆ ಬಿದ್ದು ನಮಸ್ಕರಿಸಿದ. ಅವರು ಕಣ್ಣು ಕಿರಿದುಮಾಡಿ ನೋಡಿದರು.

“ಯಾರಪ್ಪ?”

“ಉಮಾಪತಿ, ಗುರುಗಳೇ. ಪಾಠಶಾಲೆಯ ಉಮಾಪತಿ.”

“ಓ! ಆ ದಿನ ಪಾಠ ಎಲ್ಲಿಗೆ ನಿಂತಿತ್ತು?”

“ವಸಂತವರ್ಣನೆಯ ನಡುವೆ.”

“ಆಮೇಲೆ?”

“ನಾನೇ ಮುಗಿಸಿದೆ. ನಲವತ್ತು ವರ್ಷ ಹುಡುಗರಿಗೂ ಹೇಳಿದೆ.”

“ನೀನು ಬಹಳ ಮುಂದೆ ಹೋದೆ” ಎಂದರು ಗುರುಗಳು. “ನಾನಿನ್ನೂ ಅಲ್ಲೇ ಇದ್ದೇನೆ.”

ಒಳಗಿನಿಂದ ಗುರುಗಳ ತಂಗಿ ತುಂಗಕ್ಕ ಬಂದಳು. ಅಣ್ಣನನ್ನು ನೋಡಿಕೊಳ್ಳಲೆಂದು ಅವಳೂ ಬೆಟ್ಟಕ್ಕೆ ಬಂದು ನೆಲೆಸಿದ್ದಳು. ಪಾಠಶಾಲೆಯ ದಿನಗಳಲ್ಲಿ ಉಮಾಪತಿ ವಾರಾನ್ನದ ಹುಡುಗ. ದಿನಕ್ಕೊಂದು ಮನೆಯಲ್ಲಿ ಊಟ, ಮಂಗಳವಾರ ತುಂಗಕ್ಕನ ಮನೆಯಲ್ಲಿ.

“ಬಂದೆಯೇನೋ, ಮಂಗಳವಾರದ ಹುಡುಗ?”

“ಹುಡುಗನೇ, ಅಕ್ಕ? ಅರವತ್ತಾಯಿತು.”

“ಆಗ್ಲಿ ಬಿಡು. ಅರವತ್ತಾದ್ರೆ ಹಸಿವಾಗಲ್ವಾ? ಕೈಕಾಲು ತೊಳ್ಕೊಂಡು ಬಾ, ಹುಳಿ ಬಿಸಿ ಮಾಡ್ತೀನಿ.”

ಆ ಒಂದು ಮಾತಿಗೆ ಉಮಾಪತಿಯ ಕಣ್ಣು ತುಂಬಿತು. ಹೊಳೆಗೆ ಹೋಗಿ, ಕಾಲು ತೊಳೆಯುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅಲ್ಲಿಯೇ ನಿಂತಿದ್ದ.

ಮರುದಿನದಿಂದ ಗುರುಗಳ ಹಿಂದೆ ಅವನೂ ಕಾಡಿಗೆ ನಡೆಯತೊಡಗಿದ.

ದಾರಿ ಒಂದೇ. ಹೊಳೆ ದಾಟಿ, ಮತ್ತಿಯ ಮರಗಳ ಸಾಲಿನಲ್ಲಿ ಏರಿ, ಮುರಿದ ಕಂಬಗಳ ಒಂದು ಕಲ್ಲುಮಂಟಪ. ಅಲ್ಲಿಂದ ಕಡಿದಾದ ಏರು. ಏರು ಮುಗಿದರೆ ಮೇಲಿನ ಕಣಿವೆ, ಕಣಿವೆಯ ನಡುವೆ ಒಂಟಿಯಾಗಿ ಸಾಗಡೆ ಮರ.

ಗುರುಗಳಿಗೆ ಒಂದು ನಿಯಮವಿತ್ತು. ಕಾಡಿನಲ್ಲಿ ಏನನ್ನೂ ಕೀಳಬಾರದು. ತಾನಾಗಿ ಬಿದ್ದುದರಲ್ಲಿ ಒಂದನ್ನು ಮಾತ್ರ ಉತ್ತರೀಯದ ಸೆರಗಿನಲ್ಲಿ ತರಬಹುದು. ಸಂಜೆ ದೀಪ ಹಚ್ಚಿದಾಗ ಅದನ್ನು ಕೈಯಲ್ಲಿಟ್ಟುಕೊಂಡು, ಆ ದಿನ ಕಂಡುದನ್ನು ಹೇಳಬೇಕು. ಬೆಳಗಾದ ಮೇಲೆ, ಅದು ಎಲ್ಲಿ ಬಿದ್ದಿತ್ತೋ ಅಲ್ಲಿಯೇ ಇಟ್ಟು ಬರಬೇಕು.

“ಮತ್ತೆ ಅಲ್ಲಿಗೇಕೆ, ಗುರುಗಳೇ?”

“ನೆಂಟರನ್ನು ಮನೆಯವರೆಗೆ ಬಿಟ್ಟುಬರುವುದಿಲ್ಲವೇ?”

ಮೊದಲ ಬಾರಿ ಸಾಗಡೆಯ ಕೆಳಗೆ ನಿಂತಾಗ ಉಮಾಪತಿ ತಲೆಯೆತ್ತಿ ನೋಡಿದ. ಕಡುಹಸಿರಿನ ದೊಡ್ಡ ಮರ. ಹನಿ ತೊಟ್ಟಿಕ್ಕುತ್ತಿತ್ತು. ಅಂಥ ವಿಶೇಷವೇನೂ ಕಾಣಲಿಲ್ಲ.

“ತಾವು ಪಾಠ ಬಿಟ್ಟು ನೋಡಬಂದ ಮರ ಇದೇ ಏನು?”

“ಇದೇ.”

“ಇದರಲ್ಲಿ ಏನಿದೆ, ಗುರುಗಳೇ?”

“ಫಾಲ್ಗುಣದಲ್ಲಿ ಕೆಂಪಾಗುತ್ತದೆ.”

ಹೊರಡುವ ಮುನ್ನ ಗುರುಗಳು, ಬಹುಕಾಲದ ಗೆಳೆಯನ ಬೆನ್ನು ತಟ್ಟುವಂತೆ ಮರದ ಬೊಡ್ಡೆಯನ್ನು ಎರಡು ಬಾರಿ ತಟ್ಟಿದರು.

ಆ ಮಳೆಗಾಲ ಉಮಾಪತಿಯ ಬಾಳಿನಲ್ಲಿ ಮರೆಯಲಾಗದ್ದು. ಮುಂದೆ ಗುರುಗಳ ಕೋಲಿನ ಸದ್ದು, ಹಿಂದೆ ತನ್ನ ಹೆಜ್ಜೆ. ಬಿದಿರು ಮೆಳೆಯಲ್ಲಿ ಹೊಸ ಕಳಲೆ. ಕೊಳೆತ ದಿಮ್ಮಿಯ ಮೇಲೆ ಕಿವಿಯಾಕಾರದ ಅಣಬೆ. ಬೇಲಿಯ ಮೇಲೆ ಬೆಂಕಿಯ ನಾಲಗೆಯಂಥ ಗೌರಿಹೂವು. ಹುಡುಗನಾಗಿದ್ದಾಗ ಹೊಳೆಗೆ ಸ್ನಾನಕ್ಕೆ ಹೋಗುವಾಗಲೂ ಹೀಗೆಯೇ ಗುರುಗಳ ಹಿಂದೆ ನಡೆಯುತ್ತಿದ್ದ. ನಡುವಿನ ನಲವತ್ತು ವರ್ಷಗಳನ್ನು ಯಾರೋ ಮಡಿಸಿ ಒಳಗಿಟ್ಟಂತೆ ತೋರುತ್ತಿತ್ತು.

ಭಾದ್ರಪದದಲ್ಲಿ ಗುರುಗಳು ಪಾಚಿಯ ಬಂಡೆಯ ಮೇಲೆ ಜಾರಿ ಬಿದ್ದರು. ಸೊಂಟ ಮುರಿಯಿತು. ಆಗಲೇ ಮಸುಕಾಗಿದ್ದ ಕಣ್ಣು ಜ್ವರದಲ್ಲಿ ಪೂರ್ತಿ ಮುಚ್ಚಿಹೋಯಿತು.

ಜ್ವರ ಬಿಟ್ಟ ದಿನ ಗುರುಗಳು ಕೇಳಿದ ಮೊದಲ ಮಾತು, “ಉಮಾಪತಿ, ಇಂದು ಕಾಡಿಗೆ ಹೋದೆಯಾ?”

“ತಮ್ಮನ್ನು ಬಿಟ್ಟು ಹೇಗೆ ಹೋಗಲಿ?”

“ನನ್ನನ್ನು ಕರೆದುಕೊಂಡೇ ಹೋಗು. ಸಂಜೆ ಬಂದು ಹೇಳಿದರೆ ನಾನೂ ಬಂದಂತೆಯೇ.”

ಅಂದಿನಿಂದ ಅವನೊಬ್ಬನೇ ನಡೆದ. ಸಂಜೆ ಗುರುಗಳು ಮಂಚದ ಮೇಲಿಂದ ಅಂಗೈ ಚಾಚುತ್ತಿದ್ದರು. ಅವನು ಬಿದ್ದುದೊಂದನ್ನು ಅದರಲ್ಲಿಡುತ್ತಿದ್ದ. ಕಾಡುಕೋಳಿಯ ಗರಿ, ಮತ್ತಿಯ ರೆಕ್ಕೆಕಾಯಿ, ಒಮ್ಮೆ ಮುಳ್ಳುಹಂದಿಯ ಮುಳ್ಳು. ಬೆರಳುಗಳು ಅದನ್ನು ಓದುತ್ತಿದ್ದವು. ಆಮೇಲೆ ಕೇಳುತ್ತಿದ್ದರು, “ಏನು ಕಂಡೆ?”

ಹೇಳುವುದರಲ್ಲಿ ಉಮಾಪತಿಗೆ ಸಮನಾರು!

“ಶರತ್ಕಾಲದ ಆಕಾಶ ತೊಳೆದಿಟ್ಟ ಖಡ್ಗದಂತಿತ್ತು, ಗುರುಗಳೇ.”

“ನೀನು ಖಡ್ಗ ತೊಳೆದದ್ದು ಯಾವಾಗ?”

ಮರುದಿನ ಉಮಾಪತಿ ಮತ್ತೆ ತೊಡಗಿದ.

“ಹೊಳೆಗೆ ಹಂಸಗಳು ಬಂದಿವೆ.”

ಒಲೆಯ ಮುಂದಿನಿಂದ ತುಂಗಕ್ಕ ಕೂಗಿದಳು, “ಅದು ಬೆಳ್ಳಕ್ಕಿ ಕಣೋ! ದಿನಾ ನಮ್ಮ ಕೊಟ್ಟಿಗೆ ಹತ್ರ ಎಮ್ಮೆ ಬೆನ್ನ ಮೇಲೆ ಕೂತಿರತ್ತೆ. ಹಂಸವಂತೆ, ಹಂಸ!”

ಗುರುಗಳು ನಕ್ಕರು. ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದರು.

“ನನ್ನ ಕಣ್ಣು ಹೋದದ್ದಕ್ಕೆ ಚಿಂತೆಯಿಲ್ಲ, ಉಮಾಪತಿ. ನಿನ್ನವು ಇವೆಯಲ್ಲ. ಅವನ್ನು ಒಮ್ಮೆ ನನಗೆ ಕೊಡು.”

ಉಮಾಪತಿಗೆ ನೋವಾಯಿತು. ಪಾಠಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಶ್ಲೋಕ ಒಪ್ಪಿಸುತ್ತಿದ್ದವನು ಅವನು. ಆಗಲೂ ಗುರುಗಳ ಬಾಯಿಂದ ‘ಭೇಷ್’ ಎಂಬ ಮಾತು ಬಂದಿರಲಿಲ್ಲ. ಈಗಲೂ ಇಲ್ಲ. ಅದೊಂದನ್ನು ಕೇಳಿಯೇ ಬೆಟ್ಟ ಇಳಿಯಬೇಕೆಂಬ ಆಸೆ ಅವನೊಳಗೆ ಬೇರುಬಿಟ್ಟಿತು.

ಇಬ್ಬನಿಯ ತಿಂಗಳು ಕಳೆಯಿತು. ನೆಲ್ಲಿಕಾಯಿ ಉದುರಿತು. ಮಾಘದಲ್ಲಿ ಎಲೆಗಳೆಲ್ಲ ನೆಲಕ್ಕಿಳಿದು, ಹೆಜ್ಜೆಯಿಟ್ಟಲ್ಲೆಲ್ಲ ಹಪ್ಪಳ ಮುರಿದಂತೆ ಸದ್ದಾಗತೊಡಗಿತು. ಗುರುಗಳ ಊಟ ಕಡಿಮೆಯಾಯಿತು. ಮಾತೂ ಕಡಿಮೆಯಾಯಿತು. ಒಂದು ಸಂಜೆ ಅವನ ಕೈ ಹಿಡಿದುಕೊಂಡರು.

“ಸಾಗಡೆ ಹೇಗಿದೆ?”

“ಬೋಳಾಗಿದೆ, ಗುರುಗಳೇ. ಒಂದು ಎಲೆಯೂ ಇಲ್ಲ.”

“ಹಾಗಾದರೆ ಹತ್ತಿರ ಬಂತು. ನಲವತ್ತು ವರ್ಷ ಆ ಕೆಂಪನ್ನು ತಪ್ಪಿಸಿಲ್ಲ. ಇದು ನನ್ನ ಕೊನೆಯದು. ನೀನು ನೋಡಿ ಬಂದು ಹೇಳಬೇಕು. ತಪ್ಪಿಸಬೇಡಪ್ಪ.”

“ತಪ್ಪಿಸುವುದಿಲ್ಲ.”

ಫಾಲ್ಗುಣ ಬಂತು. ಹೊಳೆಯ ದಂಡೆಯ ಮುತ್ತುಗದ ಮರ ಹೂವಾಯಿತು. ಅದರ ಅಡಿಯಲ್ಲಿ ಕೆಂಡದ ಬಣ್ಣದ ಹೂಗಳು ಹಾಸಿಹೋದವು. ಬಿಸಿಲು ಏರಿತು. ಉಮಾಪತಿಯ ಮೊಣಕಾಲು ನೋಯತೊಡಗಿತ್ತು. ಆದರೂ ದಿನವೂ ನಡೆಯುತ್ತಿದ್ದ.

ಒಂದು ದಿನ ಮಂಟಪದವರೆಗೆ ಏರಿ, ಕಂಬಕ್ಕೆ ಒರಗಿ ಉಸಿರು ಬಿಡುತ್ತ ತಲೆಯೆತ್ತಿದ. ಮೇಲಿನ ಕಣಿವೆಯಲ್ಲಿ, ಬೂದುಬಣ್ಣದ ಬೋಳುಮರಗಳ ನಡುವೆ, ಕೆಂಪು.

ಆ ಕ್ಷಣವೇ ಅವನ ಮನಸ್ಸಿನಲ್ಲಿ ಒಂದು ವಾಕ್ಯ ಮೂಡಿತು. ನಲವತ್ತು ವರ್ಷಗಳಲ್ಲಿ ಅಷ್ಟು ಸೊಗಸಾದ ವಾಕ್ಯ ಮೂಡಿರಲಿಲ್ಲ. ಅದನ್ನು ಒಮ್ಮೆ ಹೇಳಿಕೊಂಡ. ಮತ್ತೊಮ್ಮೆ ಹೇಳಿಕೊಂಡ.

ಕಡಿದಾದ ಏರು ಇನ್ನೂ ಮುಂದಿತ್ತು. ಏದುಸಿರು ಬಿಡುತ್ತ ಹತ್ತಿದರೆ ಈ ವಾಕ್ಯ ನಾಲಗೆಯ ಮೇಲೆ ನಿಲ್ಲುವುದೇ? ಒಂದು ಪದ ಜಾರಿದರೂ ಮತ್ತೆ ಕೂಡಿಸಲಾದೀತೇ? ಮೊಣಕಾಲೂ ಅದೇ ಮಾತು ಹೇಳಿತು. ಕಂಡದ್ದಂತೂ ಕಂಡಾಯಿತು.

ತುಂಬಿದ ಬಟ್ಟಲನ್ನು ಹಿಡಿದವನಂತೆ, ವಾಕ್ಯವನ್ನು ತುಳುಕಿಸದೆ, ಅವನು ಮಂಟಪದಿಂದಲೇ ಇಳಿದ.

ಸಂಜೆ ದೀಪ ಹಚ್ಚುವವರೆಗೂ ಕಾಯಲಾಗಲಿಲ್ಲ. ಅಂಗಳದ ಬಿಸಿಲಿನಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದ ಗುರುಗಳ ಬಳಿಗೆ ನೇರವಾಗಿ ಹೋದ.

“ಗುರುಗಳೇ! ವನದೇವಿಯು ಕುಂಕುಮದ ಭರಣಿಯನ್ನು ಕೈಜಾರಿ ಚೆಲ್ಲಿದಳೋ ಎಂಬಂತೆ, ಸಾಗಡೆಯು ಅಡಿಯಿಂದ ಮುಡಿಯವರೆಗೆ ಹೂವಾಗಿ ನಿಂತಿದೆ!”

ಗುರುಗಳ ಮುಖ ಒಮ್ಮೆ ಬೆಳಗಿತು. ಆಮೇಲೆ ಆ ಬೆಳಕು ಆರಿಹೋಯಿತು.

“ಹೂವಾಗಿ?”

“ಬರಿಯ ಹೂವು, ಗುರುಗಳೇ. ಎಲೆಯೆಂಬುದೇ ಇಲ್ಲ.”

“ಎಲೆಯೇ ಇಲ್ಲ” ಎಂದರು ಗುರುಗಳು. ಆಮೇಲೆ ಅಂಗೈ ಚಾಚಿದರು. “ಎಲ್ಲಿ, ಬಿದ್ದದ್ದು?”

ಉಮಾಪತಿಯ ಸೆರಗು ಬರಿದಾಗಿತ್ತು.

“ಅದು... ಹೊಳೆಯ ಬಳಿ ಉತ್ತರೀಯ ಬಿಟ್ಟು ಬಂದೆ, ತರುತ್ತೇನೆ.”

“ಹೆಗಲ ಮೇಲಿರೋದೇನೋ ಮತ್ತೆ?” ಎಂದಳು ಬತ್ತಿ ಹೊಸೆಯುತ್ತಿದ್ದ ತುಂಗಕ್ಕ.

ಅವನಿಗೆ ಅದು ಕೇಳಿಸಲಿಲ್ಲ. ಕೇಳಿಸದವನಂತೆ ನಡೆದ ಎಂದರೂ ಸರಿಯೇ. ಹೊಳೆಯ ದಂಡೆಗೆ ಹೋಗಿ, ಮುತ್ತುಗದ ಮರದ ಕೆಳಗಿನಿಂದ ಬಾಡದ ಹೂವೊಂದನ್ನು ಆರಿಸಿಕೊಂಡ. ಬಿದ್ದುದನ್ನೇ ತೆಗೆದುಕೊಂಡೆ, ಕೀಳಲಿಲ್ಲವಲ್ಲ ಎಂದುಕೊಂಡ. ತಂದು ಗುರುಗಳ ಅಂಗೈಯಲ್ಲಿಟ್ಟ.

ಗುರುಗಳು ಹೆಬ್ಬೆರಳಿನಿಂದ ಹೂವಿನ ಬೆನ್ನನ್ನು ಸವರಿದರು. ಬಹಳ ಹೊತ್ತು ಸವರಿದರು.

“ಮೆತ್ತಗಿದೆ.”

“ಹೌದು, ಗುರುಗಳೇ.”

“ನಾಳೆ ಬೆಳಿಗ್ಗೆ, ಎಲ್ಲಿ ಬಿದ್ದಿತ್ತೋ ಅಲ್ಲಿಯೇ ಇಟ್ಟು ಬಾ.”

ಹೂವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದರು. ‘ಏನು ಕಂಡೆ’ ಎಂದು ಅಂದು ಕೇಳಲಿಲ್ಲ.

ಬೆಳಗಾಯಿತು. ಹೂವು ಬಾಡಿತ್ತು. ಉಮಾಪತಿ ಅದನ್ನು ಎತ್ತಿಕೊಂಡು ಹೊಳೆಯವರೆಗೆ ಬಂದು ನಿಂತ. ನೇರ ಹೋದರೆ ಬೆಟ್ಟದ ದಾರಿ, ಬಲಕ್ಕೆ ಮುತ್ತುಗದ ಮರ. ಕೊನೆಗೆ ಹೂವನ್ನು ಮುತ್ತುಗದ ಕೆಳಗಿಟ್ಟು ಮರಳಿದ. ತುಂಗಕ್ಕನ ಒಲೆಯ ಮೇಲಿನ ಗಂಜಿ ಇನ್ನೂ ಕುದಿಬಂದಿರಲಿಲ್ಲ.

“ಇಷ್ಟು ಬೇಗ ಬಂದೆಯಾ?” ಎಂದರು ಗುರುಗಳು.

“ಅದು ಬಿದ್ದಿದ್ದಲ್ಲಿಯೇ ಇಟ್ಟು ಬಂದೆ, ಗುರುಗಳೇ.”

ಗುರುಗಳು ತಲೆಯಾಡಿಸಿದರು.

“ಈ ಮಾತು ನಿಜ.”

ಗೋಡೆಯ ಕಡೆಗೆ ಹೊರಳಿ ಮಲಗಿದರು.

ಉಮಾಪತಿಗೆ ಆ ಮಾತಿನ ಅರ್ಥ ತಿಳಿಯಿತು. ಆಗಲೇ ಅವರ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಲಗೆ ಹೊರಳಲಿಲ್ಲ. ಅಷ್ಟು ಶ್ಲೋಕಗಳಿಗೆ ಹೊರಳಿದ ನಾಲಗೆ ಅದು.

ಆಮೇಲಿನ ದಿನಗಳಲ್ಲಿ ಮೊಣಕಾಲು ಊದಿಕೊಂಡಿದೆ ಎಂದು ಅವನು ಕಾಡಿಗೆ ಹೋಗಲಿಲ್ಲ. ಊದಿಕೊಂಡದ್ದೇನೋ ಹೌದು. ಹರಳೆಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತ. ಗುರುಗಳು ಸಿಡುಕಲಿಲ್ಲ, ಕೇಳಲಿಲ್ಲ. ಸಂಜೆ ದೀಪ ಹಚ್ಚಿದಾಗ ಅವರ ಕೈ ಮಾತ್ರ ಹೊದಿಕೆಯಿಂದ ಹೊರಗೆ ಬರುತ್ತಿರಲಿಲ್ಲ.

ಯುಗಾದಿ ಬಂತು. ತುಂಗಕ್ಕ ಇಬ್ಬರ ಕೈಗೂ ಬೇವುಬೆಲ್ಲ ಹಾಕಿದಳು.

“ಈ ಬಾರಿ ಬೇವು ಹೆಚ್ಚಾಯಿತಲ್ಲ, ತುಂಗಾ” ಎಂದರು ಗುರುಗಳು.

“ಸಮವಾಗೇ ಹಾಕಿದೀನಿ, ಅಣ್ಣಯ್ಯ. ನಿನ್ನ ನಾಲಗೆ ಹಾಗಾಗಿದೆ.”

ಅವಳು ಒಳಗೆ ಹೋಗಿ ಉಮಾಪತಿಯನ್ನು ಕಣ್ಣಿನಲ್ಲೇ ಕರೆದಳು. ಒಲೆಯ ಮುಂದೆ ಕೂರಿಸಿ ದನಿ ತಗ್ಗಿಸಿದಳು.

“ಏನು ಮಾಡಿದೆಯೋ?”

“ನಾನೇನು ಮಾಡಿದೆ, ಅಕ್ಕ?”

“ಸುಳ್ಳು ಹೇಳಬೇಡ. ಮಂಗಳವಾರ ಮಂಗಳವಾರ ನನ್ನ ಕೈ ಅನ್ನ ಉಂಡಿದೀಯ. ಹಸಿವಾಗಿಲ್ಲ ಅಂತ ಸುಳ್ಳು ಹೇಳಿ ಎದ್ದುಹೋಗ್ತಿದ್ದಾಗಲೂ ಇದೇ ಮುಖ ಮಾಡ್ತಿದ್ದೆ. ಕಣ್ಣು ಹೋದಾಗ ಅಣ್ಣಯ್ಯ ಅಳಲಿಲ್ಲ. ಸೊಂಟ ಮುರಿದಾಗ ಅಳಲಿಲ್ಲ. ಸಂಜೆ ಆದ್ರೆ ಚಾಚ್ತಿದ್ದ ಕೈನ ಈಗ ಹೊದಿಕೆ ಒಳಗೆ ಬಿಗಿ ಹಿಡ್ಕೊಂಡಿರ್ತಾನೆ. ನೋಡಕ್ಕಾಗಲ್ಲ ನಂಗೆ.”

ಉಮಾಪತಿ ಎದ್ದ. ಗುರುಗಳ ಕೋಲು ಬಾಗಿಲ ಮೂಲೆಯಲ್ಲಿತ್ತು. ಅದನ್ನು ಊರಿಕೊಂಡು ಹೊರಟ.

ಹೊಳೆಯಲ್ಲಿ ನೀರು ಇಳಿದಿತ್ತು. ಮುತ್ತುಗದ ಹೂವು ಮುಗಿದಿತ್ತು. ಮತ್ತಿಯ ಸಾಲಿನಲ್ಲಿ ಅವನು ನಿಂತು ನಿಂತು ಏರಿದ. ಕೋಲಿನ ಸದ್ದು ಮುಂದೆ ಕೇಳಿಸಿದಾಗಲೆಲ್ಲ ಗುರುಗಳೇ ಮುಂದೆ ನಡೆಯುತ್ತಿದ್ದಾರೆಂದು ಅನಿಸುತ್ತಿತ್ತು. ಸದ್ದು ಮಾಡುತ್ತಿರುವವನು ತಾನೇ ಎಂದು ಆಮೇಲೆ ನೆನಪಾಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಗುರುಗಳು ಕುಳಿತು ನೀರು ಕುಡಿದ ಬಂಡೆ, ಅಣಬೆ ತೋರಿಸಿದ ದಿಮ್ಮಿ ಎದುರಾದವು. ಅವರು ಜಾರಿದ ಬಂಡೆಯ ಪಾಚಿ ಈಗ ಒಣಗಿ ಕಪ್ಪಾಗಿತ್ತು.

ಮಂಟಪದಲ್ಲಿ ನಿಲ್ಲಲಿಲ್ಲ. ತಲೆಯೆತ್ತಿಯೂ ನೋಡಲಿಲ್ಲ. ಏರಿನಲ್ಲಿ ಎರಡು ಕಡೆ ಕೈಯೂರಿ ಹತ್ತಿದ.

ಕಣಿವೆಗೆ ಬಂದಾಗ ಕೆಂಪು ಇರಲಿಲ್ಲ.

ಸಾಗಡೆ ಹಸಿರಾಗಿ ನಿಂತಿತ್ತು.

ಅವನು ಮರದ ಬುಡದಲ್ಲಿ ಬಗ್ಗಿ ಹುಡುಕಿದ. ಅಷ್ಟು ಹೂವು ಉದುರಿದ್ದರೆ ನೆಲದ ಮೇಲೆ ಒಂದಾದರೂ ಕೆಂಪು ಎಸಳು ಇರಬೇಕಲ್ಲ? ಒಣಗಿದ ಹಳೆಯ ಎಲೆಗಳ ಹೊರತು ಏನೂ ಇರಲಿಲ್ಲ. ಎದ್ದು ನಿಂತು, ಬಾಗಿದ್ದ ಒಂದು ಟೊಂಗೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. ಟೊಂಗೆಯ ತುದಿಯಲ್ಲಿ, ಎಲ್ಲಕ್ಕಿಂತ ಕಡೆಗೆ ಬಿಚ್ಚಿದ ಒಂದು ಚಿಗುರು. ಎಳೆಯ ಎಲೆ. ಮಗುವಿನ ಕಿವಿಯ ಹಾಗೆ ತೆಳ್ಳಗೆ, ಕೆಂಪಗೆ.

ಆಗ ಅವನಿಗೆ ತಿಳಿಯಿತು. ಮಂಟಪದಿಂದ ಕಂಡದ್ದು ಹೂವಲ್ಲ, ಎಲೆ. ಎಲೆಯೆಂಬುದೇ ಇಲ್ಲ ಎಂದು ತಾನು ಹೇಳಿದ ಆ ಮರದಲ್ಲಿ ಎಲೆಯಲ್ಲದೆ ಬೇರೇನೂ ಇರಲಿಲ್ಲ. ಮಾತು ಮುಗಿಯುವ ಮುನ್ನವೇ ಗುರುಗಳಿಗೆ ಅದು ಗೊತ್ತಾಗಿತ್ತು. ಅವರ ಕೊನೆಯ ಕೆಂಪನ್ನು ತಾನು ಒಂದು ವಾಕ್ಯಕ್ಕೆ ಮಾರಿಬಿಟ್ಟಿದ್ದ.

ಉಳಿದದ್ದು ಈ ಒಂದು ಚಿಗುರು.

ಅವನ ಬೆರಳುಗಳು ಅದರ ತೊಟ್ಟಿನ ಮೇಲೆ ನಿಂತವು. ಒಂದು ಸಣ್ಣ ಚಿವುಟು ಸಾಕು. ಅಂಗೈಯಲ್ಲಿಟ್ಟರೆ ಗುರುಗಳಿಗೆ ಒಮ್ಮೆಯಾದರೂ ಕೆಂಪು ಮುಟ್ಟೀತು. ಬಿದ್ದದ್ದೆಂದು ಹೇಳಿದರಾಯಿತು, ನೋಡಿದವರಾರು?

ಬೆರಳುಗಳು ಬಹಳ ಹೊತ್ತು ಅಲ್ಲಿಯೇ ಇದ್ದವು.

ಆಮೇಲೆ ಟೊಂಗೆಯನ್ನು ಮೆಲ್ಲಗೆ ಬಿಟ್ಟು, ಮರದ ಬುಡಕ್ಕೆ ಒರಗಿ ಕುಳಿತ. ಹೇಳಲು ವಾಕ್ಯವಿರಲಿಲ್ಲ, ಒಯ್ಯಲು ವಸ್ತುವಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದುದರಿಂದ ಅವನು ನೋಡಿದ.

ಹೊತ್ತು ಇಳಿಯುವವರೆಗೂ ನೋಡಿದ.

ಕುಟೀರಕ್ಕೆ ಬಂದಾಗ ತುಂಗಕ್ಕ ದೀಪ ಹಚ್ಚುತ್ತಿದ್ದಳು. ಅವನ ಮಣ್ಣಾದ ಮೊಣಕೈ, ತರಚಿದ ಅಂಗೈ ನೋಡಿ ಹಿತ್ತಲಿಗೆ ಹೋದಳು.

ಉಮಾಪತಿ ಮಂಚದ ಬಳಿ ನೆಲದ ಮೇಲೆ ಕುಳಿತ.

“ಗುರುಗಳೇ, ಅಂದು ನಾನು ಮಂಟಪದಿಂದ ಮೇಲೆ ಹೋಗಲಿಲ್ಲ.”

“ಹೂಂ.”

“ತಮ್ಮ ಕೈಯಲ್ಲಿಟ್ಟದ್ದು ಮುತ್ತುಗದ ಹೂವು.”

“ಅದರ ಬೆನ್ನ ಮೇಲೆ ರೇಷ್ಮೆಯಂಥ ನವಿರಿರುತ್ತದೆ. ನನ್ನ ಕೈಗೆ ಇನ್ನೂ ಪೊರೆ ಬಂದಿಲ್ಲ.”

“ಆಗಲೇ ಏಕೆ ಹೇಳಲಿಲ್ಲ? ಹೇಳಿದ್ದರೆ ಅಂದೇ ಓಡಿಹೋಗಿ ನೋಡಿ ಬರುತ್ತಿದ್ದೆ. ಕೆಂಪು ಇನ್ನೂ ಇತ್ತು.”

“ಓಡಿಹೋಗಿ ಇನ್ನೊಂದು ವಾಕ್ಯ ತರುತ್ತಿದ್ದೆ.”

ಉಮಾಪತಿ ತಲೆ ತಗ್ಗಿಸಿದ.

“ಇಂದು ಹೋಗಿದ್ದೆ. ಕೆಂಪು ಮುಗಿದಿದೆ. ತಮ್ಮದನ್ನು ನಾನು ಕಳೆದೆ, ಗುರುಗಳೇ. ಅದಕ್ಕೆ ಕ್ಷಮೆ ಕೇಳುವುದು ಹೇಗೆಂದೂ ನನಗೆ ತಿಳಿಯದು.”

ಹೊದಿಕೆ ಸರಿಯಿತು. ಒಣಗಿದ ಅಂಗೈ ಹೊರಗೆ ಬಂತು.

“ಏನು ತಂದೆ?”

“ಏನೂ ಇಲ್ಲ. ಹಳೆಯ ತರಗೆಲೆಯ ಹೊರತು ಬಿದ್ದದ್ದು ಏನೂ ಇರಲಿಲ್ಲ. ಒಂದು ಚಿಗುರು ಉಳಿದಿತ್ತು. ಅದು ಕೊಂಬೆಯ ಮೇಲಿತ್ತು.”

ಗುರುಗಳು ಬರಿಯ ಅಂಗೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದರು. ಆಮೇಲೆ ಅದನ್ನು ಉಮಾಪತಿಯ ತಲೆಯ ಮೇಲಿಟ್ಟರು.

“ಏನು ಕಂಡೆ?”

“ಹಸಿರು.”

“ಎಂಥ ಹಸಿರು?”

ಉಮಾಪತಿ ಬಾಯಿ ತೆರೆದ. ಹೋಲಿಕೆಗಳು ಬರಲಿಲ್ಲ. ಅವನು ತಡವರಿಸುತ್ತ ಹೇಳತೊಡಗಿದ.

“ಅದು... ಒಮ್ಮೆಗೇ ಹಸಿರಾಗುವುದಿಲ್ಲ, ಗುರುಗಳೇ. ಮೊದಲು ಎಲೆಯ ನಡುವಿನ ನರ ಹಸಿರಾಗುತ್ತದೆ. ಅಲ್ಲಿಂದ ಇಕ್ಕೆಲಕ್ಕೂ ಹರಡುತ್ತದೆ. ಕೆಂಪು ಅಂಚಿಗೆ ಸರಿಯುತ್ತದೆ. ಅರ್ಧ ಹಸಿರಾದ ಎಲೆ ಕೈಗೆ ಸ್ವಲ್ಪ ಅಂಟುತ್ತದೆ. ಪೂರ್ತಿ ಹಸಿರಾದದ್ದು ಅಂಟುವುದಿಲ್ಲ.”

“ಕೆಂಪು ಮಾಸಿಹೋಗುವುದಿಲ್ಲವೇ?”

“ಮಾಸುವುದನ್ನು ನಾನು ಕಾಣಲಿಲ್ಲ. ಬಲಿತ ಎಲೆಯನ್ನೂ ಬಿಸಿಲಿಗೆ ಅಡ್ಡ ಹಿಡಿದು ನೋಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಇತ್ತು.”

ಗುರುಗಳು ತಲೆಯನ್ನು ಸ್ವಲ್ಪ ಎತ್ತಿದರು.

“ಇತ್ತೇ?”

“ಇತ್ತು. ಹೂವೂ ಇದೆ, ಗುರುಗಳೇ. ಸಾಸಿವೆಗಿಂತ ತುಸು ದೊಡ್ಡದು. ಹಸಿರು ಹಳದಿ. ಎಲೆಗಳ ಸಂದಿಯಲ್ಲಿ ಗೊಂಚಲಾಗಿದೆ. ಮೊದಲು ನನಗೆ ಕಾಣಲೇ ಇಲ್ಲ. ಮರವೆಲ್ಲ ಗುಂಯ್‌ಗುಡುತ್ತಿತ್ತು. ಏನಿದು ಎಂದು ಹುಡುಕಿದರೆ ಜೇನುಹುಳ. ಅವು ಹೋದಲ್ಲಿಗೆ ಕಣ್ಣು ಹಾಯಿಸಿದೆ, ಆಗ ಹೂವು ಕಂಡಿತು.”

ಹಿತ್ತಲಿನಲ್ಲಿ ತುಂಗಕ್ಕ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

“ಕೆಂಪು ಕಂಡ ದಿನವೇ ನಾನು ತಣಿದು ಇಳಿದುಬಿಡುತ್ತಿದ್ದೆ” ಎಂದರು ಗುರುಗಳು. “ಅದು ಮಾಸುವುದನ್ನು ನೋಡಲಾರೆನೆಂದು, ಮಳೆ ಬೀಳುವವರೆಗೆ ಆ ಕಡೆ ಸುಳಿಯುತ್ತಲೇ ಇರಲಿಲ್ಲ. ಹಾಗಾದರೆ ನಲವತ್ತು ವರ್ಷ ನಾನೂ ಮಂಟಪದಿಂದಲೇ ಹಿಂದಿರುಗಿದ್ದೇನೆ. ನಿಧಾನವಾಗಿ ಹೇಳು, ಉಮಾಪತಿ. ಜೇನುಹುಳ ಮೊದಲು ಯಾವ ಕೊಂಬೆಗೆ ಹೋಯಿತು?”

ಆ ವರ್ಷ ಮಳೆ ಹಿಡಿಯುವ ಮುನ್ನ ಗುರುಗಳು ತೀರಿಕೊಂಡರು. ಉಮಾಪತಿ ಬೆಟ್ಟ ಇಳಿಯಲಿಲ್ಲ. ಮರುವರ್ಷ ಫಾಲ್ಗುಣದಲ್ಲಿ ಸಾಗಡೆ ಕೆಂಪಾಯಿತು. ಅದು ಹಸಿರಾಗುವವರೆಗೆ ಅವನು ದಿನವೂ ಹೋಗಿಬಂದ. ಸಂಜೆ ದೀಪ ಹಚ್ಚಿದ ಮೇಲೆ ತುಂಗಕ್ಕ ಅಂಗೈ ಚಾಚುತ್ತಿದ್ದಳು.